ಕಡಲಿನಾಳದಿಂದ ಘಟ್ಟದ ಮೇಲಕ್ಕೆ

ಕೆರಿಬಿಯನ್ ದ್ವೀಪಗಳಿಗೆ ಕಡಲಿನಲ್ಲಿ ಮುಳುಗಲೆಂದೇ ಪ್ರವಾಸಿಗರು ಹೋಗುತ್ತಾರೆ. ಕೊಳ್ಳೇಗಾಲ, ಹನೂರು, ಯಳಂದೂರುಗಳ ವಿದ್ಯಾರ್ಥಿಗೆ ಅಷ್ಟು ದೂರದ ಪಯಣ ಬೇಕಿಲ್ಲ. ಮುರುಡೇಶ್ವರದ ತೀರದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿ ನೇತ್ರಾಣಿ ಎಂಬ ನಿರ್ಜನ ದ್ವೀಪವಿದೆ. ಅದರ ಸುತ್ತಲಿನ ನೀರಿನಲ್ಲಿ ಹವಳಗಳೂ ಬಣ್ಣಬಣ್ಣದ ಮೀನುಗಳೂ ಇವೆ. ಮಳೆಗಾಲದಲ್ಲಿ ಅಲ್ಲಿ ಮುಳುಗುವಂತಿಲ್ಲ. ದೋಣಿ, ವಸತಿಗಳ ವಿಚಾರ ಸುಲಭ. ಆದರೆ ಊರಿಗೆ ಮರಳುವ ಹೊತ್ತನ್ನು ನಿಶ್ಚಯಿಸಬೇಕಾದುದು ಬಸ್ಸಿನ ವೇಳಾಪಟ್ಟಿಯಲ್ಲ, ಭೌತಶಾಸ್ತ್ರ. ಅದು ಹೇಗೆಂಬುದನ್ನು ವಿಚಾರಿಸೋಣ.

ಕಡಲ ಮಟ್ಟದಲ್ಲಿ ವಾಯುವಿನ ಒತ್ತಡ ಒಂದು ಅಟ್ಮಾಸ್ಫಿಯರ್. ನೀರಿನಲ್ಲಿ ಪ್ರತಿ 10 ಮೀಟರ್ ಇಳಿದಂತೆಲ್ಲ ಅದಕ್ಕೆ ಸುಮಾರು ಇನ್ನೊಂದು ಕೂಡುತ್ತದೆ. 1943ರಲ್ಲಿ ಕೂಸ್ಟೊ ಮತ್ತು ಗಾನ್ಯಾನ್ ರೂಪಿಸಿದ ಉಪಕರಣದ ವಿಶೇಷವೆಂದರೆ, ಅದು ಸುತ್ತಲಿನ ನೀರಿನ ಒತ್ತಡಕ್ಕೆ ಸಮನಾದ ಒತ್ತಡದಲ್ಲಿಯೇ ಉಸಿರಾಡಲು ಗಾಳಿಯನ್ನೊದಗಿಸುತ್ತದೆ. 10 ಮೀಟರ್ ಆಳದಲ್ಲಿ ಎದೆತುಂಬ ಗಾಳಿ ಎಳೆದು, ಉಸಿರನ್ನು ಬಿಗಿಹಿಡಿದು ಮೇಲಕ್ಕೆ ಬಂದರೆ ಬಾಯ್ಲನ ನಿಯಮದಂತೆ ಆ ಗಾಳಿ ಇಮ್ಮಡಿಯಾಗಲು ಹವಣಿಸುತ್ತದೆ, ಶ್ವಾಸಕೋಶ ಹರಿಯಬಹುದು. ಆದುದರಿಂದಲೇ ಎಂದಿಗೂ ಉಸಿರು ಹಿಡಿಯಬಾರದೆಂಬುದು ಮುಳುಗುವವರ ಮೊದಲ ಪಾಠ.

ಎರಡನೆಯ ಅಪಾಯ ಇಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ. ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕ. ಒತ್ತಡ ಹೆಚ್ಚಿದಂತೆ ದ್ರವದಲ್ಲಿ ಕರಗುವ ಅನಿಲದ ಪ್ರಮಾಣವೂ ಹೆಚ್ಚುವುದೆಂದು ಹೆನ್ರಿಯ ನಿಯಮ ಹೇಳುತ್ತದೆ. ಹೀಗೆ ಆಳದಲ್ಲಿ ಸಾರಜನಕ ನಮ್ಮ ರಕ್ತದಲ್ಲಿಯೂ ಅಂಗಾಂಶಗಳಲ್ಲಿಯೂ ಹೆಚ್ಚಾಗಿ ಕರಗಿ ಸೇರುತ್ತದೆ. ಗೋಲಿಸೋಡದ ಗೋಲಿಯನ್ನು ಒಳಕ್ಕೆ ಒತ್ತಿದೊಡನೆ ಏಳುವ ಗುಳ್ಳೆಗಳನ್ನು ಯಾರು ನೋಡಿಲ್ಲ? ಅವಸರದಿಂದ ಮೇಲೇರಿದವನ ದೇಹವೂ ಅಂತಹುದೇ ಒಂದು ಸೀಸೆ. ಗುಳ್ಳೆಗಳು ಕೀಲುಗಳಲ್ಲಿ ನೋವನ್ನೂ, ನರಮಂಡಲದಲ್ಲಾದರೆ ಮರಗಟ್ಟುವಿಕೆಯನ್ನೂ ಉಂಟುಮಾಡುತ್ತವೆ. ಆಡುಗಳ ಮೇಲೆ ಪ್ರಯೋಗ ನಡೆಸಿ 1908ರಲ್ಲಿ ಹಾಲ್ಡೇನ್ ಪ್ರಕಟಿಸಿದ ಕೋಷ್ಟಕಗಳು ನಿಧಾನವಾಗಿ, ಹಂತಹಂತವಾಗಿ ಏರುವುದನ್ನು ಕಲಿಸಿದವು. ಇಂದಿಗೂ ಸುಮಾರು 5 ಮೀಟರ್ ಆಳದಲ್ಲಿ 3 ನಿಮಿಷ ನಿಂತು ಬರುವ ವಾಡಿಕೆಯಿದೆ.

ನೀರಿನಿಂದ ಹೊರಬಂದೊಡನೆ ಏರಾಟ ಮುಗಿಯಿತೆಂದು ಭಾವಿಸುವುದು ಸಹಜ. ಕರಾವಳಿಯವನಿಗೆ ಅದು ನಿಜವೂ ಹೌದು. ನಮಗೆ ಹಾಗಲ್ಲ! ಶಿರಾಡಿ ಘಟ್ಟವನ್ನೇರಿದ ಬಸ್ಸು ಸಕಲೇಶಪುರದಲ್ಲಿ 900 ಮೀಟರಿಗೂ ಎತ್ತರದಲ್ಲಿರುತ್ತದೆ. ಅಲ್ಲಿನ ಒತ್ತಡ ಸುಮಾರು 0.9 ಅಟ್ಮಾಸ್ಫಿಯರ್. ದೇಹದಲ್ಲಿ ಉಳಿದ ಸಾರಜನಕಕ್ಕೆ ಇದು ಮತ್ತೊಂದು ಏರಾಟವೇ. ಮುಳುಗಿದ ಬಳಿಕ ವಿಮಾನವೇರುವವರಿಗೆ ಒಂದೇ ಸಲ ಮುಳುಗಿದ್ದರೆ 12 ಗಂಟೆ, ಹಲವು ಸಲವಾದರೆ 18 ಗಂಟೆ ಕಾಯುವಂತೆ ಸಲಹೆಯಿದೆ. ವಿಮಾನದೊಳಗಿನ ಒತ್ತಡ 600ರಿಂದ 2,400 ಮೀಟರ್ ಎತ್ತರದ ಒತ್ತಡಕ್ಕೆ ಸಮನಾಗಿರುವಾಗ ಅನ್ವಯಿಸುವ ಲೆಕ್ಕವಿದು. ಕೊಳ್ಳೇಗಾಲವೇ ಸುಮಾರು 600 ಮೀಟರ್ ಎತ್ತರದಲ್ಲಿದೆ. ನಮ್ಮ ಮನೆಯಂಗಳವೇ ಆ ಗಣನೆಯ ಹೊಸ್ತಿಲು. ಯಳಂದೂರಿನವನು ಅದೇ ಉತ್ಸಾಹದಲ್ಲಿ ಸುಮಾರು 1,500 ಮೀಟರ್ ಎತ್ತರದ ಬಿಳಿಗಿರಿರಂಗನ ಬೆಟ್ಟಕ್ಕೂ ಹೊರಟರೆ ಒತ್ತಡ 0.83ಕ್ಕೆ ಇಳಿಯುತ್ತದೆ.

ಹೊಸಬರನ್ನು ಸಾಮಾನ್ಯವಾಗಿ 12 ಮೀಟರಿಗಿಂತ ಕೆಳಕ್ಕೆ ಒಯ್ಯುವುದಿಲ್ಲ. ಅವರಿಗೆ ಅಪಾಯ ಅಲ್ಪವೇ. ಆದರೂ ಮರುದಿನದ ಮೊಣಕೈ ನೋವನ್ನು ಬಸ್ಸಿನ ಕುಲುಕಾಟದ ತಲೆಗೆ ಕಟ್ಟದೆ, ಕಡಲಿನಲ್ಲಿ ಮುಳುಗಿದ್ದನ್ನು ವೈದ್ಯರಿಗೆ ಹೇಳುವುದು ಅವಶ್ಯ. ಆಮ್ಲಜನಕವನ್ನು ಕೊಟ್ಟು, ಒತ್ತಡದ ಕೋಣೆಯಲ್ಲಿರಿಸುವುದೇ ಇದಕ್ಕೆ ಚಿಕಿತ್ಸೆ.

ಆದುದರಿಂದ ನೇತ್ರಾಣಿಯನ್ನು ಪ್ರವಾಸದ ಮೊದಲಿಗೇ ಇಟ್ಟುಕೊಳ್ಳಬೇಕು. ಮರುದಿನ ಕರಾವಳಿಯ ರಸ್ತೆಯಲ್ಲೇ ಮಲ್ಪೆಗಿಳಿದು, ಸೇಂಟ್ ಮೇರಿ ದ್ವೀಪಗಳ ಲಾವಾ ಕಂಬಗಳನ್ನು ನೋಡಬಹುದು. ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟಾಗ, ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಉಕ್ಕಿ ಹೆಪ್ಪುಗಟ್ಟಿದ ಶಿಲೆಗಳವು. ಅವುಗಳ ನಡುವೆ ಅಡ್ಡಾಡುತ್ತಿರುವಷ್ಟರಲ್ಲಿ ಸಾರಜನಕ ತಾನಾಗಿ ಉಸಿರಿನೊಡನೆ ಹೊರಹೋಗುತ್ತಿರುತ್ತದೆ. ಆ ರಾತ್ರಿ ಘಟ್ಟವೇರುವ ಬಸ್ಸು ಹಿಡಿಯಬಹುದು.