ಕಾಲ್ಚೆಂಡಾಟದಲ್ಲಿ ಮಧ್ಯರಂಗದ ಜೋಡಿ

ಕಾಲ್ಚೆಂಡಾಟದ ತಂಡದಲ್ಲಿ ಹನ್ನೊಂದು ಮಂದಿ ಇದ್ದರೂ ಹಿಂದಿನ ರಕ್ಷಣೆಯನ್ನೂ ಮುಂದಿನ ಆಕ್ರಮಣವನ್ನೂ ಬೆಸೆಯುವ ಹೊಣೆ ನಡುವೆ ನಿಲ್ಲುವ ಇಬ್ಬರದು. ಆದಕಾರಣ ಅತ್ಯಂತ ಸಮರ್ಥರಾದ ಇಬ್ಬರನ್ನು ಅಲ್ಲಿ ನಿಲ್ಲಿಸಿದರೆ ಸಾಕೆಂದು ಅನೇಕರು ಭಾವಿಸುವರು. ಈ ಭಾವನೆ ವಿಚಾರಕ್ಕೆ ನಿಲ್ಲುವುದಿಲ್ಲ.

ವ್ಯಾಕರಣವನ್ನು ಓದಿದ ವಿದ್ಯಾರ್ಥಿಗಳಿಗೆ ಸಮಾಸದ ಪರಿಚಯವುಂಟು. ದ್ವಂದ್ವದಲ್ಲಿ ಸೇರಿದ ಪದಗಳೆಲ್ಲಕ್ಕೂ ಪ್ರಾಧಾನ್ಯ. ತತ್ಪುರುಷದಲ್ಲಿ ಉತ್ತರಪದಕ್ಕೆ ಪ್ರಾಧಾನ್ಯ. ಅಲ್ಲಿ ಅರ್ಥವು ಸಮಾಸವನ್ನು ನಿರ್ಣಯಿಸುವಂತೆ ಇಲ್ಲಿ ಎದುರಾಳಿಯ ಆಟವು ಜೋಡಿಯನ್ನು ನಿರ್ಣಯಿಸಬೇಕು.

ಎದುರಾಳಿಯು ಬಲಿಷ್ಠನಾಗಿ ನಡುವಿನಿಂದಲೇ ನುಗ್ಗುವವನಾದರೆ ಇಬ್ಬರಿಗೂ ಕಾವಲಿನ ಕೆಲಸ ಸಮಾನ. ಒಬ್ಬನು ಚೆಂಡಿನತ್ತ ಸಾಗಿದಾಗ ಇನ್ನೊಬ್ಬನು ಅವನ ಬೆನ್ನ ಹಿಂದಿನ ಜಾಗವನ್ನು ತುಂಬಬೇಕು. ಇದು ದ್ವಂದ್ವ. ಎದುರಾಳಿಯು ತನ್ನ ಗೋಲಿನ ಮುಂದೆಯೇ ಗುಂಪಾಗಿ ನಿಂತರೆ ಕಾವಲಿಗೆ ಒಬ್ಬನೇ ಸಾಕು. ಎರಡನೆಯವನು ಮೈದಾನವನ್ನೆಲ್ಲ ಕಣ್ಣಿನಲ್ಲಿಟ್ಟು ಚೆಂಡನ್ನು ಎಡಬಲಗಳಿಗೆ ಬೇಗಬೇಗನೆ ತಿರುಗಿಸಬಲ್ಲವನಾಗಿರಬೇಕು. ಇದು ತತ್ಪುರುಷ. ಹಿಂದಿನಿಂದ ಎತ್ತರಕ್ಕೆ, ದೂರಕ್ಕೆ ಒದೆಯುವ ತಂಡವು ಎದುರಾದರೆ ತಲೆಯಿಂದ ಚೆಂಡನ್ನು ತಡೆಯುವ ಎತ್ತರದವನೊಬ್ಬ, ಕೆಳಗೆ ಬಿದ್ದ ಚೆಂಡನ್ನು ಮೊದಲು ಮುಟ್ಟುವ ಚುರುಕಿನವನೊಬ್ಬ ಬೇಕು.

1958ರ ವಿಶ್ವಕಪ್ಪಿನಲ್ಲಿ ಬ್ರೆಜಿಲ್ ತಂಡವು ಮಧ್ಯದಲ್ಲಿ ಇಬ್ಬರನ್ನೇ ಇರಿಸುವ 4-2-4 ಕ್ರಮದಲ್ಲಿ ಆಡಿತು. ಮೊದಲ ಎರಡು ಪಂದ್ಯಗಳಲ್ಲಿ ಡೀಡಿಯ ಜೊತೆಗಾರನು ಡೀನೊ ಸಾನಿ. ಇಂಗ್ಲೆಂಡಿನ ಎದುರು ಗೋಲು ದೊರೆಯಲಿಲ್ಲ. ಸೋವಿಯತ್ ಒಕ್ಕೂಟದ ಎದುರು ಜೀಟೊ ಬಂದನು. ಡೀಡಿ ಚೆಂಡನ್ನು ಹಂಚಿದನು, ಜೀಟೊ ಹಿಂದೆ ಕಾದನು. ಪೆಲೆ, ಗರಿಂಚರೂ ಆ ಸ್ಪರ್ಧೆಯಲ್ಲಿ ಕಣಕ್ಕಿಳಿದುದು ಅಂದೇ; ಗೆಲುವಿನಲ್ಲಿ ಅವರ ಪಾಲೂ ಉಂಟು. ಆದರೂ ಅದೇ ಜೋಡಿಯು ಕೊನೆಯವರೆಗೆ ನಿಂತು ಕಪ್ಪನ್ನು ತಂದಿತು.

ನಮ್ಮ ನಾಡಿನ ಕೆಂಪಯ್ಯನವರು 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ಭಾರತದ ಹಾಫ್‌ಬ್ಯಾಕ್ ಆಗಿದ್ದರು; ಹೈದರಾಬಾದಿನ ನೂರ್ ಮುಹಮ್ಮದರೂ ಆ ಸ್ಥಾನದವರೇ. ತರಬೇತಿ ನೀಡಿದವರು ವೃತ್ತಿಯಿಂದ ಉಪಾಧ್ಯಾಯರಾಗಿದ್ದ ಸೈಯದ್ ಅಬ್ದುಲ್ ರಹೀಮರು. ಭಾರತವು ಆಸ್ಟ್ರೇಲಿಯವನ್ನು 4-2ರಿಂದ ಗೆದ್ದಿತು. ಯುಗೋಸ್ಲಾವಿಯದ ಎದುರು ಮೊದಲ ಗೋಲನ್ನು ತಾನೇ ಹೊಡೆದರೂ 1-4ರಿಂದ ಸೋತಿತು. ಕೆಲವೇ ದಿನಗಳ ಅಂತರದಲ್ಲಿ ಎದುರಾದ ಎರಡು ತಂಡಗಳು ಒಡ್ಡುವ ಪರೀಕ್ಷೆ ಎಷ್ಟು ಭಿನ್ನವೆಂಬುದಕ್ಕೆ ಇದು ನಿದರ್ಶನ.

ಕಣಕಟ್ಟೆಯ ಬಯಲಿನಲ್ಲಿ ಆಡುವ ನಮ್ಮ ಬಾಲಕರು ಇದರಿಂದ ಅರಿಯಬೇಕಾದುದು ಇಷ್ಟು. ಒಂದು ಪಂದ್ಯದಲ್ಲಿ ನಾಯಕನು ತನ್ನನ್ನು ಹೊರಗಿರಿಸಿದರೆ ಅದು ಯೋಗ್ಯತೆಯ ತಿರಸ್ಕಾರವೆಂದು ಬಗೆದು ಬಾಲಕನು ಆಟವನ್ನೇ ತೊರೆಯಬಾರದು. ಅಂದಿನ ಎದುರಾಳಿಗೆ ಬೇರೆ ಜೋಡಿ ಬೇಕಾಯಿತು. ನಾಳಿನ ಎದುರಾಳಿಗೆ ಇವನೇ ಬೇಕಾಗಬಹುದು. ನಾಯಕನೂ ಸ್ನೇಹವನ್ನು ನೋಡದೆ, ಕಾರಣವನ್ನು ಹೊರಗುಳಿದವನಿಗೆ ತಿಳಿಸಿ ಆರಿಸುವುದು ಧರ್ಮ.