ಮಳೆ-ಚಳಿಯಲ್ಲಿ ಕೋಳಿಮರಿಗಳಿಗೆ ಮನೆಯೊಳಗಿನ ಕಾವು

"ನಮ್ಮ ಕರಾವಳಿಯಲ್ಲಿ ಚಳಿ ಎಲ್ಲಿದೆ?" ಎಂಬ ಮಾತು ಭಟ್ಕಳ, ಹೊನ್ನಾವರ, ಕುಮಟಾ ಕಡೆಯ ರೈತರಲ್ಲಿ ಸಾಮಾನ್ಯ. ಘಟ್ಟದ ಮೇಲಿನವರಂತೆ ಇಲ್ಲಿ ಕಂಬಳಿ ಹೊದೆಯುವ ದಿನಗಳು ಕಡಿಮೆಯೇ. ಶಿರಾಲಿಯಂಥ ಊರಿನಲ್ಲಿ ಜನವರಿ ತಿಂಗಳ ಬೆಳಗಿನ ಜಾವ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಇಳಿಯುತ್ತದೆ. ಜುಲೈ ತಿಂಗಳ ಮಳೆಯ ರಾತ್ರಿಗಳಲ್ಲಿ 23-24 ಡಿಗ್ರಿ ಇರುತ್ತದೆ. ಮನುಷ್ಯರಿಗೆ ಇದು ಹಿತವಾದ ಹವೆ. ಆದರೆ ಮೊಟ್ಟೆಯೊಡೆದು ಬಂದ ಕೋಳಿಮರಿಗೆ ಮೊದಲ ವಾರದಲ್ಲಿ ಬೇಕಾಗುವುದು 35 ಡಿಗ್ರಿ. ಅಂದರೆ ನಮಗೆ ಚಳಿಯೇ ಇಲ್ಲದ ರಾತ್ರಿಯಲ್ಲಿಯೂ ಮರಿಯ ಪಾಲಿಗೆ 11ರಿಂದ 15 ಡಿಗ್ರಿ ಕಾವು ಕಡಿಮೆ ಬೀಳುತ್ತದೆ. ಇದನ್ನು ತಿಳಿಯದೆ ಮರಿಗಳನ್ನು ಬುಟ್ಟಿಯಲ್ಲಿ ಮುಚ್ಚಿಟ್ಟು ಮಲಗಿದವರು ಬೆಳಿಗ್ಗೆ ಸತ್ತ ಮರಿಗಳನ್ನು ಎಣಿಸಬೇಕಾಗುತ್ತದೆ.

ಹಿಂದೆ ಈ ತೊಂದರೆ ಇರಲಿಲ್ಲ. ನಾಟಿ ಹೇಂಟೆ 21 ದಿನ ಕಾವಿಗೆ ಕುಳಿತು, ಹತ್ತು-ಹನ್ನೆರಡು ಮರಿಗಳನ್ನು ರೆಕ್ಕೆಯಡಿ ಇಟ್ಟುಕೊಂಡು ಸಾಕುತ್ತಿತ್ತು. ಹೇಂಟೆಯ ಮೈ ಕಾವು ಸುಮಾರು 41 ಡಿಗ್ರಿ. ಅದಕ್ಕಿಂತ ಒಳ್ಳೆಯ ಒಲೆ ಬೇರೆ ಇಲ್ಲ. ಆಗ ಬೆಂಗಳೂರು ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ್ದ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಿಂದ 1989ರಲ್ಲಿ ಗಿರಿರಾಜ ತಳಿ ಹೊರಬಂದ ಮೇಲೆ ಹಿತ್ತಲ ಕೋಳಿಸಾಕಣೆಯ ರೀತಿ ಬದಲಾಯಿತು. ಗಿರಿರಾಜ ಬೇಗ ತೂಗುತ್ತದೆ, ಹೆಚ್ಚು ಮೊಟ್ಟೆ ಇಡುತ್ತದೆ, ಆದರೆ ಕಾವಿಗೆ ಕೂಡುವ ಗುಣ ಅದಕ್ಕಿಲ್ಲ. ಆದ್ದರಿಂದ ಮರಿಗಳು ತಾಯಿಯಿಲ್ಲದೆಯೇ ಪೆಟ್ಟಿಗೆಯಲ್ಲಿ ಮನೆಗೆ ಬರುತ್ತವೆ. ತಾಯಿಯ ಕೆಲಸವನ್ನು ಮನೆಯವರೇ ಮಾಡಬೇಕು.

ಮರಿ ತಣಿದರೆ ಏನಾಗುತ್ತದೆ?

ಮರಿಯ ಮೈಮೇಲಿನ ನವಿರು ಗರಿಯಲ್ಲ, ಅದು ಶಾಖವನ್ನು ಹಿಡಿದಿಡಲಾರದು. ಮೊದಲ ಹತ್ತು-ಹನ್ನೆರಡು ದಿನ ತನ್ನ ಮೈ ಕಾವನ್ನು ತಾನೇ ಕಾಪಾಡಿಕೊಳ್ಳುವ ಶಕ್ತಿ ಅದಕ್ಕೆ ಪೂರ್ತಿ ಬಂದಿರುವುದಿಲ್ಲ. ಹುಟ್ಟುವಾಗ ಮರಿಯ ಹೊಟ್ಟೆಯಲ್ಲಿ ಸ್ವಲ್ಪ ಹಳದಿ ಲೋಳೆ ಉಳಿದಿರುತ್ತದೆ. ಮೊದಲ ಎರಡು-ಮೂರು ದಿನಗಳಿಗೆ ಅದೇ ಬುತ್ತಿ. ತಣಿದ ಮರಿಯಲ್ಲಿ ಈ ಲೋಳೆ ಸರಿಯಾಗಿ ಕರಗದೆ ಹೊಟ್ಟೆಯಲ್ಲಿಯೇ ಕೆಡುತ್ತದೆ. ಮರಿ ಮೇವು ಮುಟ್ಟುವುದಿಲ್ಲ, ಹಿಕ್ಕೆ ಗುದದ್ವಾರಕ್ಕೆ ಅಂಟಿಕೊಳ್ಳುತ್ತದೆ. ಮೊದಲ ರಾತ್ರಿ ಚಳಿ ತಿಂದ ಮರಿ ಸಾಯುವುದು ಅನೇಕ ವೇಳೆ ಮೂರನೆಯ ದಿನದಿಂದ ಏಳನೆಯ ದಿನದೊಳಗೆ. ಹೀಗಾಗಿ ರೈತರು ಅದನ್ನು ರೋಗವೆಂದು ತಿಳಿದು ಔಷಧಿಗೆ ಹಣ ಹಾಕುತ್ತಾರೆ. ಇನ್ನು ಕೆಲವು ಮರಿಗಳು ಕಾವಿಗಾಗಿ ಒಂದರ ಮೇಲೊಂದು ಬಿದ್ದು, ಅಡಿಯಲ್ಲಿರುವವು ಉಸಿರುಕಟ್ಟಿ ಸಾಯುತ್ತವೆ.

ಕಾವುಗೂಡಿನ ಸಿದ್ಧತೆ

50 ಮರಿಗಳನ್ನು ತರುವ ಮನೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಜಗಲಿಯ ಮೂಲೆ, ಉಗ್ರಾಣ, ಯಾವುದಾದರೂ ಆದೀತು. ಎರಚಲು ಬಡಿಯಬಾರದು, ನೆಲ ಒಸರಬಾರದು. ಬಚ್ಚಲ ಒಲೆಯ ಪಕ್ಕ ಬೆಚ್ಚಗಿರುತ್ತದೆಂದು ಅಲ್ಲಿಡುವ ರೂಢಿ ಇದೆ. ಅಲ್ಲಿ ಕಾವಿದ್ದರೂ ತೇವ ಹೆಚ್ಚು, ಆದ್ದರಿಂದ ಬೇಡ. ಸುಮಾರು 45 ಸೆಂ.ಮೀ. ಎತ್ತರದ ತಗಡು, ರಟ್ಟು ಅಥವಾ ಬಿದಿರಿನ ತಟ್ಟಿಯನ್ನು 4 ಅಡಿ ಅಡ್ಡಳತೆಯ ದುಂಡಗಿನ ಬೇಲಿಯಂತೆ ನಿಲ್ಲಿಸಿ. ದುಂಡಗಿರಬೇಕೆನ್ನಲು ಕಾರಣವಿದೆ: ಮೂಲೆ ಇದ್ದರೆ ಮರಿಗಳು ಅಲ್ಲಿ ಒತ್ತೊತ್ತಾಗಿ ಸೇರುತ್ತವೆ.

ನೆಲದ ಮೇಲೆ ಎರಡು ಅಂಗುಲ ದಪ್ಪ ಭತ್ತದ ಹೊಟ್ಟು ಹರಡಿ, ಮೊದಲ ಮೂರು ದಿನ ಅದರ ಮೇಲೆ ಹಳೆಯ ವೃತ್ತಪತ್ರಿಕೆ ಹಾಸಿ ದಿನವೂ ಬದಲಿಸಿ. ಇಲ್ಲದಿದ್ದರೆ ಮರಿಗಳು ಹೊಟ್ಟನ್ನೇ ಮೇವೆಂದು ತಿನ್ನುತ್ತವೆ. ಹೊಟ್ಟಿನ ವಿಷಯದಲ್ಲಿ ಒಂದು ಎಚ್ಚರಿಕೆ. ಮಳೆ ಹಿಡಿದ ಮೇಲೆ ಗಿರಣಿಯ ಹೊರಗಿನ ರಾಶಿಯಿಂದ ತಂದ ಹೊಟ್ಟಿನಲ್ಲಿ ಬೂಷ್ಟು ಇರುತ್ತದೆ. ಆ ಬೂಷ್ಟಿನ ಧೂಳು ಮರಿಗಳ ಶ್ವಾಸಕೋಶಕ್ಕೆ ಸೇರಿದರೆ ಬಾಯಿ ತೆರೆದು ಏದುಸಿರು ಬಿಡುತ್ತಾ ಸಾಯುತ್ತವೆ. ಇದಕ್ಕೆ ಹೇಳಿಕೊಳ್ಳುವಂಥ ಮದ್ದಿಲ್ಲ. ಆದ್ದರಿಂದ ಬೇಕಾದಷ್ಟು ಹೊಟ್ಟನ್ನು ಮೇ ತಿಂಗಳಲ್ಲಿಯೇ ಒಣಗಿಸಿ, ಗೋಣಿಚೀಲದಲ್ಲಿ ತುಂಬಿ ಅಟ್ಟಕ್ಕೆ ಹಾಕಿಡಿ.

ಮರಿಯೊಂದಕ್ಕೆ 2 ವ್ಯಾಟ್ ಎಂಬುದು ಸಾಮಾನ್ಯ ಲೆಕ್ಕ. 50 ಮರಿಗಳಿಗೆ 100 ವ್ಯಾಟ್. ಒಂದೇ ಬಲ್ಬಿನ ಬದಲು 60 ವ್ಯಾಟಿನ ಎರಡು ಬಲ್ಬುಗಳಿದ್ದರೆ ಒಂದು ಸುಟ್ಟರೂ ಕತ್ತಲೆಯಾಗುವುದಿಲ್ಲ. ಈಗ ಎಲ್ಲ ಮನೆಗಳಲ್ಲಿಯೂ ಎಲ್‌ಇಡಿ ಬಲ್ಬುಗಳು ಬಂದಿವೆ. ಅವು ಬೆಳಕು ಕೊಡುತ್ತವೆಯೇ ಹೊರತು ಮರಿಗೆ ಸಾಲುವ ಕಾವನ್ನು ಕೊಡುವುದಿಲ್ಲ. ಗೂಡಿನಲ್ಲಿ ಝಗಝಗಿಸುವ ಬೆಳಕಿದ್ದೂ ಮರಿಗಳು ನಡುಗುವುದು ಇದರಿಂದಲೇ. ತಂತಿ ಉರಿಯುವ ಹಳೆಯ ಬಗೆಯ ಬಲ್ಬನ್ನೇ ಹುಡುಕಿ ತರಬೇಕು. 100 ವ್ಯಾಟ್ ಹತ್ತು ಗಂಟೆ ಉರಿದರೆ ಒಂದು ಯೂನಿಟ್. ಸಾಯುವ ಮರಿಗಳ ಬೆಲೆಗೆ ಹೋಲಿಸಿದರೆ ಈ ಖರ್ಚು ದೊಡ್ಡದಲ್ಲ. ಬಲ್ಬನ್ನು ಹಾಸಿನಿಂದ ಒಂದೂವರೆ ಅಡಿ ಎತ್ತರದಲ್ಲಿ ಗಟ್ಟಿಯಾಗಿ ಕಟ್ಟಿ. ಜಾರಿ ಹೊಟ್ಟಿನ ಮೇಲೆ ಬಿದ್ದರೆ ಬೆಂಕಿಯಾದೀತು. ಮರಿಗಳು ಬರುವ ನಾಲ್ಕು ಗಂಟೆ ಮುಂಚೆಯೇ ಹೊತ್ತಿಸಿ ಹಾಸನ್ನು ಬಿಸಿಮಾಡಿಡಿ.

ಮರಿಗಳನ್ನೇ ಕೇಳಿ

ಉಷ್ಣತಾಮಾಪಕ ಇದ್ದರೆ ಅದರ ತುದಿಯನ್ನು ಮರಿಯ ಬೆನ್ನಿನ ಎತ್ತರದಲ್ಲಿ, ಹಾಸಿನಿಂದ ಎರಡು ಅಂಗುಲ ಮೇಲೆ ಇಟ್ಟು ನೋಡಿ. ಮೊದಲ ವಾರ 35, ಆಮೇಲೆ ವಾರಕ್ಕೆ 3 ಡಿಗ್ರಿಯಂತೆ ಇಳಿಸುತ್ತಾ ಹೋಗಬೇಕು. ಉಷ್ಣತಾಮಾಪಕ ಇಲ್ಲವೆಂದು ಚಿಂತಿಸಬೇಕಾಗಿಲ್ಲ. ಮರಿಗಳು ಬಲ್ಬಿನ ಅಡಿಯಲ್ಲಿ ಗುಂಪುಗೂಡಿ ಒಂದೇ ಸಮನೆ ಕಿರುಚುತ್ತಿದ್ದರೆ ಚಳಿ. ಬೇಲಿಯ ಅಂಚಿಗೆ ಸರಿದು ರೆಕ್ಕೆ ಇಳಿಬಿಟ್ಟು ಬಾಯಿ ತೆರೆದಿದ್ದರೆ ಸೆಕೆ, ಬಲ್ಬನ್ನು ಮೇಲೆತ್ತಿ. ಎಲ್ಲವೂ ಒಂದೇ ಮಗ್ಗುಲಿಗೆ ಸೇರಿದ್ದರೆ ಎದುರು ಮಗ್ಗುಲಿನಿಂದ ಗಾಳಿ ನುಗ್ಗುತ್ತಿದೆ ಎಂದರ್ಥ. ಎಲ್ಲೆಡೆ ಹರಡಿಕೊಂಡು, ಕೆಲವು ತಿನ್ನುತ್ತಾ ಕೆಲವು ಕಾಲು ಚಾಚಿ ಮಲಗಿದ್ದರೆ ನಿಶ್ಚಿಂತೆಯಾಗಿರಬಹುದು. ಮರಿಯ ಪಾದವನ್ನು ನಿಮ್ಮ ಕೆನ್ನೆಗೆ ಒತ್ತಿ ನೋಡುವುದೂ ಒಳ್ಳೆಯ ಪರೀಕ್ಷೆ. ಪಾದ ತಣ್ಣಗಿದ್ದರೆ ಹಾಸು ತಣ್ಣಗಿದೆ. ಇದನ್ನು ಹಗಲಿನಲ್ಲಿ ನೋಡಿದರೆ ಸಾಲದು. ಬೆಳಗಿನ ಜಾವ ನಾಲ್ಕು ಗಂಟೆಗೆ ಒಮ್ಮೆ ಎದ್ದು ನೋಡುವವರ ಮರಿಗಳೇ ಉಳಿಯುವುದು.

ಕರೆಂಟು ಹೋದಾಗ

ಗಾಳಿಮಳೆಯಲ್ಲಿ ಮರ ಬಿದ್ದು ತಂತಿ ಹರಿಯುವುದು ಈ ಭಾಗದಲ್ಲಿ ಪ್ರತಿವರ್ಷದ ಮಾತು. 2022ರ ಆಗಸ್ಟ್ ಮೊದಲ ದಿನಗಳಲ್ಲಿ ಭಟ್ಕಳದಲ್ಲಿ ಒಂದೇ ದಿನ 500 ಮಿ.ಮೀ. ದಾಟಿ ಮಳೆ ಬಿದ್ದುದನ್ನು ಇಲ್ಲಿಯವರು ಮರೆತಿರಲಾರರು. ಅಂಥ ರಾತ್ರಿಗೆ ಮೊದಲೇ ಸಿದ್ಧರಿರಬೇಕು.

ಮರಿಗಳು ಬಂದ ರಟ್ಟಿನ ಪೆಟ್ಟಿಗೆಯನ್ನು ಎಸೆಯಬೇಡಿ. ಅದರ ಒಂದೊಂದು ಖಾನೆಯಲ್ಲಿ 25 ಮರಿಗಳು ಪರಸ್ಪರ ಮೈ ಕಾವಿನಿಂದಲೇ ದೂರದ ಪ್ರಯಾಣ ಮಾಡಿ ಬಂದಿರುತ್ತವೆ. ಮೊದಲ ನಾಲ್ಕೈದು ದಿನಗಳಲ್ಲಿ ಕರೆಂಟು ಹೋದರೆ ಮರಿಗಳನ್ನು ಅದೇ ಪೆಟ್ಟಿಗೆಗೆ ಹಾಕಿ, ಗಾಳಿಯ ತೂತುಗಳನ್ನು ಬಿಟ್ಟು ಮೇಲೆ ಗೋಣಿ ಹೊದಿಸಿ. ಮರಿಗಳು ದೊಡ್ಡವಾಗಿದ್ದರೆ ಬಾಟಲಿಗಳಲ್ಲಿ ಬಿಸಿನೀರು ತುಂಬಿ, ಬಟ್ಟೆ ಸುತ್ತಿ ಗೂಡಿನೊಳಗೆ ಮಲಗಿಸಿ, ಆರಿದಂತೆ ಬದಲಿಸುತ್ತಿರಿ.

ಇದ್ದಿಲ ಕೆಂಡದ ಮಡಕೆಯನ್ನೂ ಕೆಲವರು ಇಡುತ್ತಾರೆ. ಕೆಂಡವನ್ನು ಹೊರಗೇ ಹೊತ್ತಿಸಿ ಹೊಗೆ ಪೂರ್ತಿ ಹೋದ ಮೇಲೆ ಒಳಗೆ ತರಬೇಕು, ಮಡಕೆಯನ್ನು ಇಟ್ಟಿಗೆಯ ಮೇಲಿಟ್ಟು ಸುತ್ತ ತಂತಿಬಲೆ ಕಟ್ಟಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಕೋಣೆಯ ಕಿಟಕಿ ಮುಚ್ಚಬಾರದು. ಹೊಗೆ ಕಾಣದಿದ್ದರೂ ಕೆಂಡದಿಂದ ಇಂಗಾಲದ ಮಾನಾಕ್ಸೈಡ್ ಎಂಬ ಅನಿಲ ಬರುತ್ತಿರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮುಚ್ಚಿದ ಕೋಣೆಯಲ್ಲಿ ಮರಿಗಳಷ್ಟೇ ಅಲ್ಲ, ಅಲ್ಲಿ ಮಲಗಿದ ಮನುಷ್ಯರೂ ನಿದ್ದೆಯಲ್ಲೇ ಸಾಯಬಹುದು. ಮಕ್ಕಳು ಮಲಗುವ ಕೋಣೆಯಲ್ಲಂತೂ ಕೆಂಡ ಇಡಲೇಬೇಡಿ.

ಕೆಂಡ ಇಲ್ಲದಿದ್ದರೂ ಗೂಡನ್ನು ಪ್ಲಾಸ್ಟಿಕ್ ಹಾಳೆಯಿಂದ ಪೂರ್ತಿ ಮುಚ್ಚುವುದು ತಪ್ಪು. ಒಳಗಿನ ಉಸಿರು ನೀರಾಗಿ ಹಾಸಿಗೆ ಇಳಿಯುತ್ತದೆ, ಹಿಕ್ಕೆಯ ಘಾಟು ಕಣ್ಣುರಿ ತರುತ್ತದೆ. ಒದ್ದೆ ಹಾಸಿನಲ್ಲಿ ರಕ್ತಭೇದಿ ಬೇಗ ಹಬ್ಬುತ್ತದೆ. ಮರಿಗಳ ಎತ್ತರಕ್ಕೆ ಗಾಳಿ ತಡೆದು ಮೇಲ್ಭಾಗ ತೆರೆದಿರಲಿ. ಇಲಿ ಬಾರದಂತೆ ಬಲೆ ಹಾಕಿದರೆ ಸಾಕು. ನೀರಿನ ಬಟ್ಟಲನ್ನು ಇಟ್ಟಿಗೆಯ ಮೇಲಿಡಿ, ಅದರ ಸುತ್ತ ಗಟ್ಟಿಯಾದ ಹೊಟ್ಟನ್ನು ದಿನವೂ ತೆಗೆದು ಒಣಹೊಟ್ಟು ಹಾಕಿ.

ಬಂದ ದಿನ ಮೊದಲು ಕೊಡಬೇಕಾದ್ದು ಉಗುರುಬೆಚ್ಚಗಿನ ನೀರು, ಲೀಟರಿಗೆ 50 ಗ್ರಾಂ ಬೆಲ್ಲ ಅಥವಾ ಗ್ಲೂಕೋಸ್ ಸೇರಿಸಿ. ಒಂದೆರಡು ಗಂಟೆಯ ಮೇಲೆ ನುಚ್ಚು, ಮರುದಿನದಿಂದ ಮರಿಗಳ ಮೇವು. ಐದರಿಂದ ಏಳನೆಯ ದಿನದೊಳಗೆ ಕೊಕ್ಕರೆ ರೋಗದ ಲಸಿಕೆ ಹಾಕಿಸಬೇಕು. ಈ ಬಗ್ಗೆ ಸಮೀಪದ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ. ಲಸಿಕೆಯ ರಾತ್ರಿ ಕಾವನ್ನು ಕಡಿಮೆ ಮಾಡಬೇಡಿ.

ಬೇಸಿಗೆಯ ಮರಿಗಳಿಗೆ ಎರಡು-ಮೂರು ವಾರದ ಕಾವು ಸಾಕು, ಮಳೆಗಾಲದವಕ್ಕೆ ನಾಲ್ಕು ವಾರ ಬೇಕಾದೀತು. ಬಿಡಿಸುವಾಗ ಮೊದಲು ಹಗಲಿನ ಕಾವು ನಿಲ್ಲಿಸಿ, ನಾಲ್ಕೈದು ದಿನಗಳ ನಂತರ ರಾತ್ರಿಯದನ್ನು ನಿಲ್ಲಿಸಿ. ಬೆನ್ನು, ಎದೆಯ ಮೇಲೆ ಗರಿ ತುಂಬಿದ ಮೇಲೆ ಬಿಸಿಲಿರುವ ದಿನ ಹತ್ತು ಗಂಟೆಗೆ ಅಂಗಳಕ್ಕೆ ಬಿಟ್ಟು, ನಾಲ್ಕಕ್ಕೆ ಒಳಗೆ ಸೇರಿಸಿ. ಹಠಾತ್ತನೆ ಮಳೆಗೆ ಸಿಕ್ಕಿ ಮರಿಗಳು ತೋಯ್ದರೆ, ಬಟ್ಟೆಯಿಂದ ಒರಸಿ ಆ ರಾತ್ರಿ ಮತ್ತೆ ಬಲ್ಬು ಹೊತ್ತಿಸಿ.