ಇಂದಿನ ಚಿಂತನೆ: ಗಂಟು ಎಲ್ಲಿದೆ ಎಂದು ಮೊದಲು ನೋಡೋಣ





ಕಳೆದ ಭಾನುವಾರದ ಅಧ್ಯಯನದಲ್ಲಿ ಒಬ್ಬ ತಾಯಿ ಒಂದು ಪ್ರಶ್ನೆ ಕೇಳಿದರು. "ದೀಕ್ಷೆ ತಗೊಂಡು ಹನ್ನೆರಡು ವರ್ಷ ಆಯ್ತು. ಪಟಗಳನ್ನೆಲ್ಲ ತೆಗೆದಿದ್ದೀವಿ. ಆದ್ರೂ ಮನೇಲಿ ಕಷ್ಟ ಬಂದ ತಕ್ಷಣ 'ಯಾರೋ ಏನೋ ಮಾಡ್ಸವ್ರೆ' ಅಂತ ಮನಸ್ಸು ಮೊದಲು ಅಲ್ಲಿಗೇ ಓಡ್ತದೆ. ನನ್ನ ಶ್ರದ್ಧೆ ಕಮ್ಮಿಯಾ?"

ಆ ದಿನ ಸರಿಯಾದ ಉತ್ತರ ಕೊಡಲು ನನಗೆ ಆಗಲಿಲ್ಲ. ಇವತ್ತು ಪ್ರಯತ್ನಿಸುತ್ತೇನೆ.

*ನಮ್ಮ ಊರಿನ ಹೆಸರಿಗೆ ಅಂಟಿದ ಬೋರ್ಡು*

ಕರ್ನಾಟಕದ ಯಾವ ಬಸ್ ನಿಲ್ದಾಣಕ್ಕೆ ಹೋದರೂ ಕೊಳ್ಳೇಗಾಲದ ಹೆಸರು ಹಾಕಿಕೊಂಡ ಜ್ಯೋತಿಷಿಗಳ ಚೀಟಿಗಳು ಕಾಣುತ್ತವೆ. ಉದ್ಯೋಗ, ಮದುವೆ, ಸಾಲ, ಸಂತಾನ, ಶತ್ರುಕಾಟ ಎಲ್ಲಕ್ಕೂ ಒಂದೇ ಕಡೆ ಪರಿಹಾರವಂತೆ. ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಸಮಸ್ಯೆಗಳು ಬೇರೆ ಬೇರೆ, ಪರಿಹಾರ ಮಾತ್ರ ಒಂದೇ. ಕಾಲು ಮುರಿದವನಿಗೂ ಕಣ್ಣು ಮಂಜಾದವನಿಗೂ ಒಂದೇ ಮಾತ್ರೆ ಕೊಡುವ ವೈದ್ಯರನ್ನು ನಾವು ನಂಬುತ್ತೇವೆಯೇ?

ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರದ ವಿರುದ್ಧ ನಮ್ಮ ರಾಜ್ಯದಲ್ಲಿ 2017ರಲ್ಲಿ ಕಾಯ್ದೆ ಆಯಿತು, 2020ರಲ್ಲಿ ಜಾರಿಗೂ ಬಂತು. ಕಾಯ್ದೆ ಬೋರ್ಡು ತೆಗೆಸಬಹುದು. ಮನಸ್ಸಿನೊಳಗಿನ ಬೋರ್ಡನ್ನು ನಾವೇ ತೆಗೆಯಬೇಕು.

*ನಮ್ಮ ಮನೆಯ ಕಥೆ*

ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ಮನೆಯಲ್ಲಿ ರೇಷ್ಮೆ ಸಾಕುತ್ತಿದ್ದೆವು. ಒಂದು ಬೆಳೆಯಲ್ಲಿ ನಾಲ್ಕನೇ ಜ್ವರ ಕಳೆದ ಮೇಲೆ ಹುಳುಗಳು ಊದಿಕೊಂಡವು, ಹಳದಿ ತಿರುಗಿದವು, ಸೊಪ್ಪು ಬಿಟ್ಟು ತಟ್ಟೆಯ ಅಂಚಿಗೆ ಹರಿದಾಡತೊಡಗಿದವು. ಮುಟ್ಟಿದರೆ ಒಡೆದು ಹಾಲಿನಂಥ ನೀರು. ಮೂರು ದಿನದಲ್ಲಿ ಎಲ್ಲಾ ಹೋಯಿತು.

ಅಪ್ಪ ಹೇಳಿದ್ದು ಒಂದೇ ಮಾತು, "ಪಕ್ಕದ ಮನೆಯವರು ಮಾಡ್ಸವ್ರೆ." ಬದುವಿನ ವಿಚಾರಕ್ಕೆ ಆ ಮನೆಯವರ ಜೊತೆ ಜಗಳ ಆಗಿತ್ತು. ಬಡ್ಡಿಗೆ ಸಾಲ ತಂದು ಒಬ್ಬ ಮಂತ್ರವಾದಿಗೆ ಕೊಟ್ಟರು. ಮನೆಯ ನಾಲ್ಕು ಮೂಲೆಯಲ್ಲಿ ತಗಡು ಹೂತರು. ಮುಂದಿನ ಬೆಳೆಯೂ ಹಾಗೆಯೇ ಹೋಯಿತು. ಆಗ ಮಂತ್ರವಾದಿ "ಎದುರಾಳಿ ಬಲವಾಗಿದ್ದಾನೆ" ಎಂದು ಇನ್ನಷ್ಟು ದುಡ್ಡು ಕೇಳಿದ.

ಕೊನೆಗೆ ರೇಷ್ಮೆ ಇಲಾಖೆಯ ಒಬ್ಬ ಅಧಿಕಾರಿ ಮನೆಗೆ ಬಂದು ಕೇಳಿದ ಪ್ರಶ್ನೆಗಳೇ ಬೇರೆ. "ಹೋದ ಬೆಳೆ ಆದ ಮೇಲೆ ಮನೆ ತೊಳೆದಿದ್ದಿರಾ? ತಟ್ಟೆಗಳಿಗೆ ಔಷಧಿ ಹೊಡೆದಿದ್ದಿರಾ? ಸತ್ತ ಹುಳು ಎಲ್ಲಿ ಹಾಕಿದಿರಿ?" ಸತ್ತ ಹುಳುವನ್ನು ಬಾಗಿಲ ಮುಂದಿನ ತಿಪ್ಪೆಗೆ ಹಾಕಿದ್ದೆವು. ಅದು ಹಾಲುತೊಂಡೆ ರೋಗ, ವೈರಸ್‌ನಿಂದ ಬರುವಂಥದ್ದು. ಬ್ಲೀಚಿಂಗ್ ಪೌಡರ್, ಸುಣ್ಣ, ಗಾಳಿ, ಒಳ್ಳೆಯ ಸೊಪ್ಪು. ಅದರ ಮುಂದಿನ ಬೆಳೆ ಕೈ ಹಿಡಿಯಿತು.

ಹುಳು ಉಳಿಯಿತು, ಮಾತು ಉಳಿಯಲಿಲ್ಲ. ಪಕ್ಕದ ಮನೆಗೂ ನಮಗೂ ಆರು ವರ್ಷ ಮಾತಿಲ್ಲ. ದೀಕ್ಷೆ ತೆಗೆದುಕೊಂಡ ದಿನ ಸಂಜೆ ಅಪ್ಪ ಕ್ಷಮೆ ಕೇಳಲು ಆ ಮನೆಗೆ ಹೋದರು. ಅಷ್ಟರಲ್ಲಿ ಆ ಮನೆಯ ಯಜಮಾನರು ತೀರಿಕೊಂಡಿದ್ದರು. ಅವರ ಹೆಂಡತಿ ಟೀ ಕೊಟ್ಟರು, ಏನೂ ಮಾತಾಡಲಿಲ್ಲ. ಸಾಲ ತೀರಿದೆ. ಇದು ತೀರಿಲ್ಲ.

*ಮನಸ್ಸು ಹಳೆಯ ದಾರಿಗೇ ಯಾಕೆ ಓಡುತ್ತದೆ?*

ಮನುಷ್ಯರು ಸಮಸ್ಯೆಯನ್ನು ಬಿಡಿಸುವಾಗ ಮನಸ್ಸಿನಲ್ಲಿ ಏನು ನಡೆಯುತ್ತದೆ ಎಂದು ಮನೋವಿಜ್ಞಾನಿಗಳು ನೂರು ವರ್ಷದಿಂದ ಪರೀಕ್ಷೆ ಮಾಡುತ್ತಿದ್ದಾರೆ. 1942ರಲ್ಲಿ ಅಬ್ರಹಾಂ ಲೂಚಿನ್ಸ್ ಎಂಬವರು ಪ್ರಕಟಿಸಿದ ಒಂದು ಪರೀಕ್ಷೆಯನ್ನು ನೀವೂ ಮಾಡಿ ನೋಡಿ.

ಮೂರು ಪಾತ್ರೆಗಳಿವೆ. ಒಂದರಲ್ಲಿ 21 ಅಳತೆ, ಇನ್ನೊಂದರಲ್ಲಿ 127, ಮತ್ತೊಂದರಲ್ಲಿ 3 ಅಳತೆ ನೀರು ಹಿಡಿಯುತ್ತದೆ. ಸರಿಯಾಗಿ 100 ಅಳತೆ ನೀರು ಬೇಕು. 127 ತುಂಬಿಸಿ, ಅದರಿಂದ 21 ಒಮ್ಮೆ, 3 ಎರಡು ಸಲ ತೆಗೆದರೆ 100 ಉಳಿಯುತ್ತದೆ. ಇದೇ ರೀತಿಯ ಲೆಕ್ಕಗಳನ್ನು ಒಂದರ ಮೇಲೊಂದು ಕೊಟ್ಟ ಮೇಲೆ ಇದನ್ನು ಕೊಟ್ಟರು: ಪಾತ್ರೆಗಳು 23, 49, 3. ಬೇಕಾದ್ದು 20. ಬಹಳ ಜನ 49ರಿಂದ 23 ತೆಗೆದು, ಮತ್ತೆ ಎರಡು ಸಲ 3 ತೆಗೆದರು. ಉತ್ತರವೇನೋ ಬಂತು. ಆದರೆ 23ರಿಂದ 3 ತೆಗೆದರೆ ಸಾಕಿತ್ತು! ಕಣ್ಣ ಮುಂದಿನ ಸುಲಭ ದಾರಿ ಅವರಿಗೆ ಕಾಣಲೇ ಇಲ್ಲ. ಹಿಂದಿನ ಲೆಕ್ಕ ಮಾಡದೆ ಬಂದವರು ಅದನ್ನು ಸುಲಭವಾಗಿ ಕಂಡುಕೊಂಡರು.

ಅವರು ದಡ್ಡರಾಗಿರಲಿಲ್ಲ. ಮನಸ್ಸು ಒಮ್ಮೆ ನಡೆದ ಜಾಡಿನಲ್ಲೇ ಗಾಡಿ ಹೊಡೆಯುತ್ತದೆ, ಅಷ್ಟೆ. ನಮ್ಮ ಅಜ್ಜಿ ತಾತಂದಿರು ಜ್ವರಕ್ಕೆ ದಾರ ಕಟ್ಟಿಸಿದರು. ಜ್ವರ ಮೂರು ದಿನಕ್ಕೆ ತಾನಾಗಿ ಬಿಟ್ಟಿತು, ಹೆಸರು ದಾರಕ್ಕೆ ಬಂತು. ಹೀಗೆ ಜಾಡು ಆಳವಾಯಿತು.

ಆದ್ದರಿಂದ ತಾಯಿ, ಅದು ನಿಮ್ಮ ಶ್ರದ್ಧೆಯ ಕೊರತೆ ಅಲ್ಲ. ಅದು ಜಾಡು. ಲೂಚಿನ್ಸ್ ಕೆಲವರಿಗೆ "ಕುರುಡಾಗಬೇಡ" ಎಂದು ಹಾಳೆಯ ಮೇಲೆ ಬರೆದುಕೊಳ್ಳಲು ಹೇಳಿದಾಗ, ಅವರಲ್ಲಿ ಹೆಚ್ಚಿನ ಜನ ಸುಲಭ ದಾರಿ ಕಂಡುಕೊಂಡರು. ಎಚ್ಚರಿಕೆಯ ಒಂದು ಮಾತಿಗೂ ಬೆಲೆ ಇದೆ. ನಾವು ಅಭ್ಯಾಸ ಮಾಡುವ ಸತಿ, ಅಂದರೆ ಎಚ್ಚರ, ಇದೇ ಕೆಲಸ ಮಾಡುತ್ತದೆ.

*ರೇಷ್ಮೆ ಹುಳು ಕಾಣದವರು ರೇಷ್ಮೆ ಉಳಿಸಿದ್ದು*

ಫ್ರಾನ್ಸ್ ದೇಶದಲ್ಲೂ ಒಮ್ಮೆ ರೇಷ್ಮೆ ಬೆಳೆ ನೆಲಕಚ್ಚಿತ್ತು. 1865ರಲ್ಲಿ ಲೂಯಿ ಪಾಶ್ಚರ್ ಅವರನ್ನು ಅಲ್ಲಿಗೆ ಕಳುಹಿಸಿದರು. ಅವರು ರಸಾಯನ ವಿಜ್ಞಾನಿ, ರೇಷ್ಮೆ ಹುಳುವಿನ ಅನುಭವ ಇರಲಿಲ್ಲ. ಮೊದಲು ಅವರೂ ತಪ್ಪು ಊಹಿಸಿದರು. ಆದರೆ ಊಹೆಯನ್ನು ಪರೀಕ್ಷೆಗೆ ಒಡ್ಡಿದರು, ತಪ್ಪು ಕಂಡಾಗ ಬಿಟ್ಟರು. ಎಲ್ಲರೂ ಒಂದೇ ರೋಗ ಎಂದುಕೊಂಡಿದ್ದು ನಿಜಕ್ಕೂ ಎರಡು ರೋಗ ಎಂದು ತಿಳಿಯಿತು: ಗಂಟುರೋಗ ಮತ್ತು ಸಪ್ಪೆರೋಗ. ಗಂಟುರೋಗ ತಾಯಿ ಚಿಟ್ಟೆಯಿಂದ ಮೊಟ್ಟೆಗೆ ಬರುತ್ತದೆ. ಹಾಗಾದರೆ ತಾಯಿ ಚಿಟ್ಟೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗ ಇದ್ದರೆ ಮೊಟ್ಟೆ ನಾಶ ಮಾಡಿದರಾಯಿತು. ಇವತ್ತಿಗೂ ಬಿತ್ತನೆ ಕೋಠಿಗಳಲ್ಲಿ ಮಾಡುವುದು ಇದನ್ನೇ.

ಸಮಸ್ಯೆಯನ್ನು ಬಿಡಿಸಿ ನೋಡಿದರೆ ಅರ್ಧ ಪರಿಹಾರ ಅಲ್ಲೇ ಇರುತ್ತದೆ. ಮಾಟ ಎಂಬ ಉತ್ತರ ಎಲ್ಲವನ್ನೂ ವಿವರಿಸುತ್ತದೆ, ಯಾವುದನ್ನೂ ಪರೀಕ್ಷಿಸಲು ಬಿಡುವುದಿಲ್ಲ. ಬೆಳೆ ಬಂದರೆ ಮಂತ್ರದ ಬಲ, ಹೋದರೆ ಶತ್ರುವಿನ ಬಲ.

*ಬಾಬಾಸಾಹೇಬರ ದಾರಿ*

ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಬಾಬಾಸಾಹೇಬರ ಗುರುಗಳಲ್ಲಿ ಒಬ್ಬರು ಜಾನ್ ಡ್ಯೂಯಿ. ಮನುಷ್ಯ ಹೇಗೆ ಯೋಚಿಸುತ್ತಾನೆ ಎಂಬ ಬಗ್ಗೆ ಅವರು 1910ರಲ್ಲೇ ಪುಸ್ತಕ ಬರೆದಿದ್ದರು. ತೊಡಕನ್ನು ಗುರುತಿಸು, ಅದು ಎಲ್ಲಿದೆ ಏನು ಎಂದು ಸ್ಪಷ್ಟ ಮಾಡಿಕೋ, ಪರಿಹಾರ ಊಹಿಸು, ಊಹೆಯ ಪರಿಣಾಮ ಯೋಚಿಸು, ಆಮೇಲೆ ಪರೀಕ್ಷಿಸಿ ಒಪ್ಪು ಅಥವಾ ಬಿಡು. ಬಾಬಾಸಾಹೇಬರ 1923ರ ರೂಪಾಯಿ ಗ್ರಂಥದ ಹೆಸರಿನಲ್ಲೇ ಈ ಕ್ರಮ ಕಾಣುತ್ತದೆ: ಸಮಸ್ಯೆ, ಅದರ ಮೂಲ, ಅದರ ಪರಿಹಾರ.

1927ರ ಮಾರ್ಚ್ 20ರಂದು ಮಹಾಡ್‌ನಲ್ಲಿ ಏನಾಯಿತು ನೋಡಿ. ಸಮಸ್ಯೆ ಬರೀ ನೀರು ಅಂದುಕೊಂಡಿದ್ದರೆ ಬೇರೆ ಬಾವಿ ತೋಡಿದ್ದರೆ ಮುಗಿಯುತ್ತಿತ್ತು. ಅದು ಸಮಾನತೆಯ ಪ್ರಶ್ನೆ ಎಂದು ಅವರು ಗುರುತಿಸಿದರು. ಆದ್ದರಿಂದಲೇ ಚೌಡಾರ್ ಕೆರೆಗೇ ನಡೆದು ಹೋಗಿ ನೀರು ಮುಟ್ಟಿದರು. ಇದನ್ನು ಮರೆಯಬಾರದು. ಎಲ್ಲಾ ಸಮಸ್ಯೆಯೂ ನಮ್ಮ ಮನಸ್ಸಿನೊಳಗೇ ಇದೆ ಎಂದು ಧಮ್ಮ ಹೇಳುವುದಿಲ್ಲ. ಊರಿನಲ್ಲಿ ಅನ್ಯಾಯ ಇದ್ದರೆ ಅದು ಅನ್ಯಾಯವೇ. ಅದನ್ನು ಹಣೆಬರಹ ಎನ್ನುವುದೂ ಮಾಟ ಎನ್ನುವಷ್ಟೇ ತಪ್ಪು ಗುರುತು.

ದುಃಖ ಇದೆ ಎಂದು ಗುರುತಿಸುವುದು, ಅದನ್ನು ನಿವಾರಿಸುವ ದಾರಿ ತೋರುವುದು, ಇದೇ ಧಮ್ಮದ ಬುನಾದಿ ಎಂದು ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ವಿವರಿಸಿದ್ದಾರೆ. ಅದೇ ಗ್ರಂಥದ ಆರಂಭದಲ್ಲಿ ನಾಲ್ಕು ಆರ್ಯಸತ್ಯಗಳ ಬಗ್ಗೆಯೇ ಪ್ರಶ್ನೆ ಎತ್ತಲು ಅವರು ಹಿಂಜರಿಯಲಿಲ್ಲ. ಪ್ರಶ್ನೆ ಕೇಳುವುದು ಅಶ್ರದ್ಧೆ ಅಲ್ಲ.

*ಬಾಣ ತಗುಲಿದವನು*

ಮಜ್ಝಿಮ ನಿಕಾಯದಲ್ಲಿ ಭಗವಾನರು ಮಾಲುಂಕ್ಯಪುತ್ತನಿಗೆ ಹೇಳಿದ ಹೋಲಿಕೆ ನಿಮಗೆ ಗೊತ್ತು. ವಿಷದ ಬಾಣ ತಗುಲಿದವನೊಬ್ಬ, ಹೊಡೆದವನು ಯಾವ ಜಾತಿ, ಯಾವ ಊರು, ಕಪ್ಪೋ ಕೆಂಪೋ ಎಂದು ತಿಳಿಯುವ ತನಕ ಬಾಣ ಕೀಳಲು ಬಿಡುವುದಿಲ್ಲ ಎನ್ನುತ್ತಾನೆ. ಅಷ್ಟರಲ್ಲಿ ಸಾಯುತ್ತಾನೆ.

ನಮ್ಮ ಅಪ್ಪ ಕೇಳಿದ್ದು "ಯಾರು ಮಾಡಿದರು?" ಅಧಿಕಾರಿ ಕೇಳಿದ್ದು "ಏನಾಯಿತು, ಹೇಗಾಯಿತು?" ಮೊದಲ ಪ್ರಶ್ನೆಯಿಂದ ನಮಗೆ ಒಬ್ಬ ಶತ್ರು ಸಿಕ್ಕಿದ. ಎರಡನೆಯದರಿಂದ ಬೆಳೆ ಸಿಕ್ಕಿತು.

*ಇಂದಿನ ಅಭ್ಯಾಸ*

ಇವತ್ತು ನಿಮ್ಮನ್ನು ಕಾಡುತ್ತಿರುವ ಒಂದೇ ಒಂದು ಕಷ್ಟ ತೆಗೆದುಕೊಳ್ಳಿ. ಮಗನ ಗಣಿತ ಇರಲಿ, ಸ್ವಸಹಾಯ ಸಂಘದ ಕಂತು ಇರಲಿ, ಮನೆಯವರ ಕುಡಿತ ಇರಲಿ. ಐದು ನಿಮಿಷ ಉಸಿರನ್ನು ಗಮನಿಸಿ ಕುಳಿತು, ಆಮೇಲೆ ಹಾಳೆಯ ಮೇಲೆ ಬರೆಯಿರಿ:

1. ನಿಜವಾಗಿ ಏನು ನಡೆಯುತ್ತಿದೆ? ನೋಡಿದ್ದು ಮಾತ್ರ ಬರೆಯಿರಿ, ಊಹಿಸಿದ್ದು ಬೇಡ.
2. ಇದು ಒಂದೇ ಸಮಸ್ಯೆಯೋ, ಎರಡು ಮೂರು ಸೇರಿಕೊಂಡಿವೆಯೋ?
3. ನನಗೆ ಮೊದಲು ಹೊಳೆದ ಉತ್ತರ ಹಳೆಯ ಜಾಡೋ? ಅದು ತಪ್ಪಾಗಿದ್ದರೆ ನನಗೆ ಹೇಗೆ ಗೊತ್ತಾಗುತ್ತದೆ?
4. ಈ ವಾರ ಮಾಡಿ ನೋಡಬಹುದಾದ ಒಂದು ಸಣ್ಣ ಹೆಜ್ಜೆ ಯಾವುದು? ಯಾರನ್ನು ಕೇಳಬಹುದು?

ಮೇಲೆ ದೊಡ್ಡದಾಗಿ ಬರೆದುಕೊಳ್ಳಿ: *ಎಚ್ಚರ.*

ಯಾರ ಮೇಲಾದರೂ ಸುಮ್ಮನೆ ಅನುಮಾನ ಇಟ್ಟುಕೊಂಡಿದ್ದರೆ ಇವತ್ತೇ ಅವರ ಮನೆಗೆ ಹೋಗಿ ಬನ್ನಿ. ತಡ ಮಾಡಬೇಡಿ.

ಭಾನುವಾರ ಮತ್ತೆ ಸೇರೋಣ. ನಿಮ್ಮ ಹಾಳೆ ತನ್ನಿ.

ಎಲ್ಲರಿಗೂ ಮಂಗಳವಾಗಲಿ. ಜೈ ಭೀಮ್, ನಮೋ ಬುದ್ಧಾಯ 🙏